ಕಾಗೆ ಮುಟ್ಟಿದ್ದಲ್ಲ: ಗಡಿನಾಡಿನ ಏಳನೆಯ ತರಗತಿಯೊಂದರ ಪ್ರಕರಣ

ಜುಲೈ ತಿಂಗಳ ಎರಡನೆಯ ವಾರ. ಕಾಸರಗೋಡಿನ ಪೆರ್ಲದ ಕಡೆ ಬಿಡದೆ ಮಳೆ. ಏಳನೆಯ ತರಗತಿಯ ಕಿಟಕಿ ಮುಚ್ಚಿ, ದೀಪ ಹಾಕಿ, ಆಮ್ಲ ಮತ್ತು ಪ್ರತ್ಯಾಮ್ಲದ ಪಾಠ ಮಾಡುತ್ತಿದ್ದೆ. ಮೇಜಿನ ಮೇಲೆ ದಾಸವಾಳದ ಎಸಳು ಹಿಂಡಿದ ನೀರು, ಲಿಂಬೆರಸ, ಸುಣ್ಣದ ತಿಳಿ ಇದ್ದವು. ಗ್ಲಾಸುಗಳನ್ನು ಹಂಚಲೆಂದು ಮೂರನೆಯ ಬೆಂಚಿನ ಹುಡುಗಿಯನ್ನು ಕರೆದೆ. ಅವಳು ಬಂದು ಗ್ಲಾಸು ತೆಗೆದುಕೊಂಡು ತಿರುಗಿದಳು. ಹಿಂದಿನಿಂದ ಯಾರೋ ಉಸಿರೆಳೆದ ಸದ್ದು, ಆಮೇಲೆ ಒಂದು ನಗು, ಆಮೇಲೆ ಹಲವು ನಗು. ಹಲಸಿನ ಹಲಗೆಯ ಬೆಂಚಿನ ಮೇಲೆ ಅಂಗೈಯಗಲದ ರಕ್ತದ ಕಲೆ. ಅವಳು ಬೆಂಚನ್ನು ನೋಡಿದಳು, ತನ್ನ ಲಂಗವನ್ನು ನೋಡಿಕೊಂಡಳು, ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಡಲೂ ತೋಚದೆ ನಿಂತುಬಿಟ್ಟಳು.

ನಾನು ಮಾಡಿದ್ದು ಇಷ್ಟು: ನನ್ನ ಶಾಲನ್ನು ಅವಳ ಸೊಂಟಕ್ಕೆ ಸುತ್ತಿ ಹೊರಗೆ ಕರೆದುಕೊಂಡು ಹೋದೆ, ಅಡುಗೆಯ ಅಕ್ಕನ ಜೊತೆ ಮನೆಗೆ ಕಳುಹಿಸಿದೆ, ಮರಳಿ ಬಂದು ಬೆಂಚು ಒರೆಸಿದೆ, ಉಳಿದ ಮಕ್ಕಳಿಗೆ "ಅವಳಿಗೆ ಹೊಟ್ಟೆನೋವು, ನೀವು ಬರೆಯಿರಿ" ಎಂದೆ. ಹದಿನಾರು ವರ್ಷ ವಿಜ್ಞಾನ ಕಲಿಸಿದವಳು 22 ಮಕ್ಕಳ ಎದುರು ಸುಳ್ಳು ಹೇಳಿದೆ. ನಕ್ಕದ್ದು ಮಕ್ಕಳ ತಪ್ಪು ಎನ್ನುವುದಕ್ಕಿಂತ ಮೊದಲು ಇದನ್ನು ಬರೆದಿಡಬೇಕು. ಆ ಹುಡುಗಿ ಮುಂದೆ ಹನ್ನೊಂದು ಶಾಲಾ ದಿನ ಬರಲಿಲ್ಲ. ಆ ಹನ್ನೊಂದು ದಿನಗಳಿಂದ ಫೆಬ್ರವರಿಯ ತನಕ ನಮ್ಮ ತರಗತಿಯಲ್ಲಿ ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಶಾಲೆಯ ಹೆಸರನ್ನೂ ಮಕ್ಕಳ ಹೆಸರನ್ನೂ ಬರೆಯುವುದಿಲ್ಲ. ಗುರುತು ಹತ್ತದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನಮ್ಮದು ಕನ್ನಡ ಮಾಧ್ಯಮದ ಅನುದಾನಿತ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಶಾಲೆಗಳು ಉಳಿದುಕೊಂಡಿವೆ. ಪಠ್ಯಪುಸ್ತಕವೂ ಕನ್ನಡದಲ್ಲೇ ಬರುತ್ತದೆ. ಆದರೆ ನನ್ನ ತರಗತಿಯ 23 ಮಕ್ಕಳಲ್ಲಿ ಪುಸ್ತಕದ ಕನ್ನಡವನ್ನು ಮನೆಯಲ್ಲಿ ಆಡುವವರು ಒಬ್ಬರೂ ಇಲ್ಲ. ತುಳು, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ, ಮರಾಟಿ. ಸಪ್ತಭಾಷಾ ಸಂಗಮಭೂಮಿ ಎಂದು ಪ್ರತಿ ವಾರ್ಷಿಕೋತ್ಸವದಲ್ಲೂ ಹೆಮ್ಮೆಯಿಂದ ಹೇಳುತ್ತೇವೆ, ಹೆಮ್ಮೆ ಪಡುವ ಸಂಗತಿಯೇ ಅದು. ಆದರೆ ಒಂದು ಮಗುವಿಗೆ ತನ್ನ ಮೈಯ ಬಗ್ಗೆ ಏನಾದರೂ ಕೇಳಬೇಕು ಎನಿಸಿದಾಗ ಈ ಏಳರಲ್ಲಿ ಒಂದು ಭಾಷೆಯೂ ಅದರ ನೆರವಿಗೆ ಬರುವುದಿಲ್ಲ.

ಜೂನ್ ತಿಂಗಳಲ್ಲೇ ಒಂದು ಜಾಗೃತಿ ಕಾರ್ಯಕ್ರಮ ಆಗಿತ್ತು ಎಂಬುದನ್ನೂ ಹೇಳಬೇಕು. ಹೊರಗಿನಿಂದ ಇಬ್ಬರು ಬಂದಿದ್ದರು. ಒಳ್ಳೆಯವರು, ತಯಾರಿ ಮಾಡಿಕೊಂಡು ಬಂದವರು. ಮಾತು ಮಲಯಾಳದಲ್ಲಿ, ಪರದೆಯ ಮೇಲಿನ ಬರಹವೂ ಮಲಯಾಳದಲ್ಲಿ. ಹೆಣ್ಣುಮಕ್ಕಳನ್ನು ಮಾತ್ರ ಕೂರಿಸಿ ಗಂಡುಮಕ್ಕಳನ್ನು ಕೇರಂ ಆಡಲು ಕಳುಹಿಸಿದೆವು. ಕೊನೆಗೆ ಪ್ರತಿಯೊಬ್ಬಳಿಗೂ ಒಂದೊಂದು ಪ್ಯಾಡಿನ ಕಟ್ಟು. ರಿಜಿಸ್ಟರಿನಲ್ಲಿ "ಹದಿಹರೆಯದ ತರಗತಿ ನಡೆಸಲಾಯಿತು" ಎಂದು ಬರೆದವಳು ನಾನೇ. ಮೂರನೆಯ ಬೆಂಚಿನ ಹುಡುಗಿಯೂ ಅಂದು ಕೂತಿದ್ದಳು. ಮುಟ್ಟಿಗೆ ಮಲಯಾಳದಲ್ಲಿ ಹೇಳುವ 'ಆರ್ತವಂ' ಎಂದರೆ ದೊಡ್ಡ ಹೆಂಗಸರಿಗೆ ಬರುವ ಯಾವುದೋ ಕಾಯಿಲೆ ಎಂದು ಅವಳು ತಿಳಿದುಕೊಂಡಿದ್ದಳಂತೆ. ಆ ಕಟ್ಟು ಅವರ ಮನೆಯ ಕನ್ನಡಿಯ ಹಿಂದೆ ಒಡೆಯದೆ ಹಾಗೆಯೇ ಇತ್ತು.

ಆರನೆಯ ದಿನ ಅವಳ ಮನೆಗೆ ಹೋದೆ. ಅಡಕೆ ತೋಟದ ನಡುವೆ ತೋಡು ದಾಟಿ ಹೋಗಬೇಕು. ತಂದೆ ಅಡಕೆ ಕೊಯ್ಯುವವರು, ತಾಯಿ ದಿನಗೂಲಿಗೆ ಹೋಗುವವರು. ಮನೆಯ ಮಾತು ನಡೆಯುವುದು ಬೀಡಿ ಕಟ್ಟುವ ಅಜ್ಜಿಯದು. ಜಗಲಿಯ ಒಂದು ಮೂಲೆಯಲ್ಲಿ ಓಲೆಚಾಪೆ, ಅದರ ಮೇಲೆ ಹುಡುಗಿ. ಹತ್ತಿರ ಬೇರೆ ತಟ್ಟೆ, ಬೇರೆ ಲೋಟ. ಅಜ್ಜಿ ಬೀಡಿಯ ಎಲೆಯಿಂದ ಕಣ್ಣೆತ್ತದೆ ಹೇಳಿದರು (ನಾವು ಮಾತಾಡಿದ್ದು ತುಳುವಿನಲ್ಲಿ): "ಮಗು ದೊಡ್ಡವಳಾಗಿದ್ದಾಳೆ ಟೀಚರೇ. ಇದರಲ್ಲಿ ಶಾಲೆಯವರು ಕಲಿಸುವುದು ಏನಿದೆ? ನಮಗೆ ಯಾರು ಕಲಿಸಿದರು?"

"ನಿಮಗೆ ಮೊದಲ ಸಲ ಆದಾಗ ಏನೆಂದು ತಿಳಿದುಕೊಂಡಿರಿ ಅಜ್ಜಿ?" ಎಂದು ಕೇಳಿದೆ.

ಬಹಳ ಹೊತ್ತು ಎಲೆ ಕತ್ತರಿಸುತ್ತಲೇ ಇದ್ದರು. ಆಮೇಲೆ, "ಗದ್ದೆಯಲ್ಲಿ ನೇಜಿ ನೆಡುತ್ತಿದ್ದೆ. ಜಿಗಣೆ ಕಚ್ಚಿತೆಂದು ತಿಳಿದು ಮೂರು ದಿನ ಉಪ್ಪು ಹಚ್ಚಿಕೊಂಡೆ" ಎಂದರು. ಮೊಮ್ಮಗಳು ಚಾಪೆಯ ಮೇಲಿಂದ ಅಜ್ಜಿಯನ್ನೇ ನೋಡುತ್ತಿದ್ದಳು. ಆ ಮಾತನ್ನು ಅವಳೂ ಮೊದಲ ಸಲ ಕೇಳಿದ್ದಿರಬೇಕು. ನಾನು ಹೊರಡುವಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಟೀಚರ್, ಬೆಂಚು ತೊಳೆದಿರಾ?"

ಮರುದಿನ, ಮೊದಲು ನಕ್ಕ ಹುಡುಗನನ್ನು ಬೇರೆ ಕರೆದು ಕೂರಿಸಿದೆ. ಗದರಿಸುವ ಉದ್ದೇಶದಿಂದಲೇ ಕರೆದದ್ದು. ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಹೇಳಿದ: "ಅಮ್ಮನನ್ನು ತಿಂಗಳಿಗೊಮ್ಮೆ ಕಾಗೆ ಮುಟ್ಟುತ್ತದೆ. ಕಾಗೆ ಮುಟ್ಟಿದರೆ ರಕ್ತ ಬರುತ್ತದೆಂದು ನನಗೆ ಗೊತ್ತಿರಲಿಲ್ಲ ಟೀಚರ್." ಹನ್ನೆರಡು ವರ್ಷದ ಹುಡುಗ. ಮೂರು ದಿನ ಅಮ್ಮ ಒಲೆಯ ಹತ್ತಿರ ಬಾರದಿರುವುದಕ್ಕೆ ಕಾರಣ ಕೇಳಿದಾಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸಣ್ಣ ಮಕ್ಕಳಿಗೆ ಕೊಡುವ ಉತ್ತರ ಅದು. ಮಗು ದೊಡ್ಡದಾದ ಮೇಲೆ ಉತ್ತರವನ್ನು ಬದಲಿಸಲು ಯಾರಿಗೂ ನೆನಪಾಗುವುದಿಲ್ಲ. ನಾನು ಗದರಿಸಲಿಲ್ಲ. ಈ ತರಗತಿಗೆ ಬೇಕಾದದ್ದು ಪ್ಯಾಡಿಗಿಂತ ಮೊದಲು ಮಾತು ಎಂದು ನನಗೆ ಖಚಿತವಾದದ್ದು ಆ ಹುಡುಗನಿಂದ.

ಹಾಗಾಗಿ ಮೊದಲ ಪಾಠವನ್ನು ಪದಗಳಿಂದ ಆರಂಭಿಸಿದೆ. ಹುಡುಗರು ಹುಡುಗಿಯರು ಒಟ್ಟಿಗೆ. ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ ಎಂದು ಹೆಸರು ಹಾಕದೆ ಚೀಟಿಯಲ್ಲಿ ಬರೆಯಲು ಹೇಳಿದೆ. ಬಂದ ಚೀಟಿಗಳು ಈಗಲೂ ನನ್ನ ಕಪಾಟಿನಲ್ಲಿವೆ: ಹೊರಗೆ ಕೂರುವುದು, ಮುಟ್ಟು, ಕಾಗೆ, ಡೇಟ್, ಪೀರಿಯಡ್ಸ್, ದೊಡ್ಡವಳಾಗುವುದು, "ಅದು", ಮತ್ತು ಎರಡು ಚೀಟಿಗಳಲ್ಲಿ ಏನೂ ಇಲ್ಲ. ಮದ್ರಸಕ್ಕೆ ಹೋಗುವ ಹುಡುಗಿಯರು ಬರೆದದ್ದು ಹೈಳ್, ಮುಟ್ಟಿಗೆ ಅರಬಿಯ ಪದ. ಇಡೀ ತರಗತಿಯಲ್ಲಿ ಹೆದರಿಕೆಯಿಲ್ಲದೆ ಬರೆದವರು ಅವರೇ. ಶುದ್ಧಿಯ ನಿಯಮಗಳನ್ನು ಅವರು ಮೊದಲೇ ಓದಿಕೊಂಡಿದ್ದರು. ಯಾವಾಗ ನಮಾಜು ಬಿಡಬೇಕು, ಯಾವಾಗ ಸ್ನಾನ ಎಂಬುದೆಲ್ಲ ಗೊತ್ತಿತ್ತು, ರಕ್ತ ಎಲ್ಲಿಂದ, ಯಾಕೆ ಎಂಬುದು ಗೊತ್ತಿರಲಿಲ್ಲ. ಪುಸ್ತಕದ 'ಋತುಸ್ರಾವ'ವನ್ನು ಒಬ್ಬರೂ ಬರೆದಿರಲಿಲ್ಲ.

'ಮುಟ್ಟು' ಎಂಬುದು ಹಳೆಯ, ಚೆಂದದ ಪದ, ಅದನ್ನೇ ಇಟ್ಟುಕೊಳ್ಳೋಣ ಎಂದು ನಾನು ಹೇಳಿದೆ. ಒಬ್ಬ ಹುಡುಗಿ ಒಪ್ಪಲಿಲ್ಲ. "ಆ ಪದ ಹೇಳಿದ ಕೂಡಲೇ ಮುಟ್ಟಬೇಡ ಎಂದು ಕೇಳಿಸುತ್ತದೆ ಟೀಚರ್." ಅವಳ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅರ್ಧ ಗಂಟೆ ಚರ್ಚೆಯಾಗಿ ಮಕ್ಕಳು 'ತಿಂಗಳ ರಕ್ತ' ಎಂದು ಗೊತ್ತುಮಾಡಿದರು. ತುಳುವಿಗೂ ಬ್ಯಾರಿಗೂ ಮರಾಟಿಗೂ ಸುಲಭವಾಗಿ ತಿರುಗುತ್ತದೆ, ಕೇಳಿದವರಿಗೆ ಏನೆಂದು ತಿಳಿಯುತ್ತದೆ, ಬೈಗುಳದ ಹಾಗೆ ಕೇಳಿಸುವುದಿಲ್ಲ ಎಂಬ ಮೂರು ಕಾರಣಗಳನ್ನು ಅವರೇ ಕೊಟ್ಟರು. ಅಂಗಗಳ ಹೆಸರಿಗೆ ಮಾತ್ರ ಪುಸ್ತಕದ ಪದವನ್ನೇ ಬೋರ್ಡಿನ ಮೇಲೆ ಬರೆದೆ: ಯೋನಿ, ಗರ್ಭಕೋಶ, ಅಂಡಾಶಯ, ಲಿಂಗ, ವೃಷಣ. ನಗು ಬಂತು. ಬರಲಿ ಎಂದು ಸೀಮೆಸುಣ್ಣ ಹಿಡಿದು ಕಾದೆ. ಮೊದಲ ದಿನ ಕಾಲು ಗಂಟೆ ಹೋಯಿತು, ಮೂರನೆಯ ದಿನ ಯಾರೂ ನಗಲಿಲ್ಲ. ಈ ಹೆಸರುಗಳು ಮಗುವಿನ ಬಾಯಲ್ಲಿ ಇರಲೇಬೇಕು. ತನಗೆ ಯಾರಾದರೂ ಕೆಟ್ಟದ್ದು ಮಾಡಿದರೆ ಎಲ್ಲಿ ಎಂದು ಹೇಳಲು ಪದವಿಲ್ಲದ ಮಗು ಹೇಳುವುದೇ ಇಲ್ಲ.

ಎರಡನೆಯ ಪಾಠದಲ್ಲಿ ಅದೇ ದಾಸವಾಳದ ನೀರನ್ನು ಮತ್ತೆ ಮೇಜಿಗೆ ತಂದೆ. ತಿಂಗಳ ರಕ್ತದಲ್ಲಿ ಒಟ್ಟು ಎಷ್ಟು ಹೋಗುತ್ತದೆ ಎಂದು ಕೇಳಿದರೆ "ಒಂದು ಚೆಂಬು" ಎಂದು ಹುಡುಗಿಯರೂ, "ಒಂದು ಬಕೆಟ್" ಎಂದು ಒಬ್ಬ ಹುಡುಗನೂ ಹೇಳಿದರು. ಅಳತೆಯ ಜಾಡಿಯಲ್ಲಿ 40 ಮಿಲಿಲೀಟರ್ ತೆಗೆದು ಬಿಳಿ ಬಟ್ಟೆಯ ಮೇಲೆ ಸುರಿದೆ. ಸಾಮಾನ್ಯವಾಗಿ ಎಲ್ಲ ದಿನಗಳದ್ದು ಸೇರಿ 30ರಿಂದ 40 ಮಿಲಿಲೀಟರ್, 80 ದಾಟಿದರೆ ಹೆಚ್ಚು ಎಂದು ವೈದ್ಯರು ಎಣಿಸುತ್ತಾರೆ. ಬಟ್ಟೆಯ ಮೇಲೆ ಹರಡಿದ ಕೆಂಪನ್ನು ಮಕ್ಕಳು ಸುತ್ತ ನಿಂತು ನೋಡಿದರು. "ಇಷ್ಟೇ ಆದರೂ ಇಷ್ಟು ಕಾಣಿಸುತ್ತದೆ" ಎಂದು ನಕ್ಕಿದ್ದ ಹುಡುಗ ಮೆಲ್ಲನೆ ಹೇಳಿದ. ಆ ಕ್ಷಣಕ್ಕೆ ನನ್ನ ಹತ್ತು ಮಾತು ಸಮವಲ್ಲ.

ಉಳಿದದ್ದನ್ನು ಚಿತ್ರ ಬಿಡಿಸಿ ಹೇಳಿದೆ. ಮಿದುಳಿನ ಅಡಿಯಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಿಂದ ಸಂದೇಶ ಹೊರಡುತ್ತದೆ, ಹೆಣ್ಣಿನಲ್ಲಿ ಅಂಡಾಶಯ ಈಸ್ಟ್ರೋಜನ್ ಅನ್ನೂ ಗಂಡಿನಲ್ಲಿ ವೃಷಣ ಟೆಸ್ಟೋಸ್ಟಿರೋನ್ ಅನ್ನೂ ಹೆಚ್ಚಿಸುತ್ತವೆ. ಹುಡುಗಿಯರಿಗೆ 8ರಿಂದ 13ರ ಒಳಗೆ, ಹುಡುಗರಿಗೆ 9ರಿಂದ 14ರ ಒಳಗೆ ಯಾವಾಗಲಾದರೂ ಶುರುವಾಗಬಹುದು. ಹುಡುಗಿಯರಲ್ಲಿ ಮೊದಲು ಕಾಣುವುದು ಎದೆಯ ಮೊಗ್ಗು, ಅದಾಗಿ ಎರಡು ಎರಡೂವರೆ ವರ್ಷಕ್ಕೆ ತಿಂಗಳ ರಕ್ತ. ಅಂದರೆ ದೇಹ ಮೊದಲೇ ಸೂಚನೆ ಕೊಟ್ಟಿರುತ್ತದೆ, ಓದಿಕೊಳ್ಳಬೇಕಾದವರು ದೊಡ್ಡವರು. ಗರ್ಭಕೋಶ ಒಳಗೆ ಹಾಸಿದ ಹಾಸು ಬೇಡವಾದಾಗ ಕಳಚಿ ಬರುವುದೇ ಆ ರಕ್ತ, ಅದರಲ್ಲಿ ಕೆಟ್ಟ ರಕ್ತ ಎಂಬುದು ಇಲ್ಲ. ಮೊದಲ ಒಂದೆರಡು ವರ್ಷ 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ಏಳು ದಿನ ದಾಟಿದರೆ, ಗಂಟೆಗೊಂದು ಪ್ಯಾಡ್ ಒದ್ದೆಯಾದರೆ, 15 ತುಂಬಿದರೂ ಆರಂಭವಾಗದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಹುಡುಗರ ಸಂಗತಿಯಲ್ಲಿ ನನಗೆ ಗಣಿತದ ಮಾಷ್ಟ್ರ ಸಹಾಯ ಬೇಕಾಯಿತು. ನಾನೇ ಹೇಳಬಹುದಿತ್ತು, ಆದರೆ ಕೇಳುವ ಪ್ರಶ್ನೆಗಳಲ್ಲಿ ಅರ್ಧ ಹೊರಗೇ ಬರುತ್ತಿರಲಿಲ್ಲ. ಮಾಷ್ಟ್ರು ಮೊದಲು ಹಿಂಜರಿದರು, ಎರಡು ದಿನ ಓದಿಕೊಂಡರು, ಆಮೇಲೆ ಹುಡುಗರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡರು. ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿ ಹೋಗುತ್ತದೆ, ಬೆನ್ನುಮೂಳೆ ಕರಗುತ್ತದೆ ಎಂದು ನಂಬಿದವರು ಅದರಲ್ಲಿ ಹಲವರು. ಒಬ್ಬ ಹುಡುಗ ಅದಕ್ಕೆಂದೇ ರಾತ್ರಿ ನೀರು ಕುಡಿಯುವುದನ್ನು ಬಿಟ್ಟಿದ್ದ. ಇಲ್ಲಿಯೂ ಮದ್ರಸದ ಹುಡುಗರಿಗೆ ಹೆದರಿಕೆ ಕಡಿಮೆ: ಅದು ಪ್ರಾಯಕ್ಕೆ ಬಂದ ಗುರುತು, ಸ್ನಾನ ಮಾಡಿದರೆ ಆಯಿತು ಎಂದು ಅವರಿಗೆ ಕಲಿಸಿದ್ದರು. ಮಾಷ್ಟ್ರು ಅವರ ಕೈಯಲ್ಲೇ ಅದನ್ನು ಉಳಿದವರಿಗೆ ಹೇಳಿಸಿದರು, ಆಮೇಲೆ ವಿಜ್ಞಾನ ಸೇರಿಸಿದರು. ವ್ಯಾಯಾಮದ ಪೀರಿಯಡಿಗೆ ಒಂದು ತಿಂಗಳಿಂದ ಅಂಗಿ ಬಿಚ್ಚಲೊಪ್ಪದೆ ತಪ್ಪಿಸಿಕೊಳ್ಳುತ್ತಿದ್ದ ಹುಡುಗನ ಕಾರಣವೂ ಅಂದೇ ತಿಳಿಯಿತು. ಅವನ ಎದೆ ಸ್ವಲ್ಪ ಊದಿಕೊಂಡು ಮುಟ್ಟಿದರೆ ನೋಯುತ್ತಿತ್ತು. ಬೆಳೆಯುವ ಹುಡುಗರಲ್ಲಿ ಬಹಳ ಮಂದಿಗೆ ಹೀಗಾಗುತ್ತದೆ, ಹೆಚ್ಚಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಯಾರಿಗೂ ಹೇಳದೆ ಅವನು ಎದೆಗೆ ಬಿಗಿಯಾಗಿ ಬೈರಾಸು ಕಟ್ಟಿಕೊಂಡು ಮಲಗುತ್ತಿದ್ದ. ಪಾಠ ಮುಗಿಸಿ ಬಂದ ಮಾಷ್ಟ್ರು ನನ್ನ ಎದುರಿನ ಕುರ್ಚಿಯಲ್ಲಿ ಕೂತು ಸುಮಾರು ಹೊತ್ತು ಏನೂ ಹೇಳಲಿಲ್ಲ.

ಇನ್ನೊಬ್ಬ ಹುಡುಗನ ವಿಷಯವನ್ನು ಬಿಡಿಸಿ ಬರೆಯಬೇಕು, ಏಕೆಂದರೆ ಅವನ ಭಯ ನಮ್ಮ ಊರಿನದ್ದೇ. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ, ಸ್ವರ ಒಡೆದಿಲ್ಲ. ಹುಡುಗಿಯರು ಅವನಿಗಿಂತ ಒಂದು ಗೇಣು ಎತ್ತರ. ಪ್ರಶ್ನೆ ಬರೆದು ಹಾಕಲೆಂದು ಇಟ್ಟಿದ್ದ ಚೀಟಿಯ ಪೆಟ್ಟಿಗೆಯಲ್ಲಿ ಅವನು ಬರೆದ ಪ್ರಶ್ನೆ: "ನನಗೆ ಎಂಡೋಸಲ್ಫಾನ್ ಆಗಿದೆಯಾ?" ನಮ್ಮ ಎಣ್ಮಕಜೆ ಪಂಚಾಯತಿನ ಮಕ್ಕಳಿಗೆ ಇದು ಕಾಲ್ಪನಿಕ ಭಯವಲ್ಲ. ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷ ಸುರಿದ ನೆಲ ಇದು. 2000ದಲ್ಲಿ ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ನಿಷೇಧಿಸಿತು. ಇಲ್ಲಿಯದ್ದೇ ಗ್ರಾಮವೊಂದರ 117 ಹುಡುಗರನ್ನು ದೂರದ ಊರಿನ 90 ಹುಡುಗರೊಂದಿಗೆ ಹೋಲಿಸಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಆ ವಿಷ ಹುಡುಗರ ಪ್ರೌಢತೆಯನ್ನು ತಡಮಾಡಿರಬಹುದು ಎಂಬುದೇ ಅದರ ತೀರ್ಮಾನ. ಹೀಗಿರುವಾಗ "ಛೆ, ಹಾಗೇನೂ ಇಲ್ಲ" ಎಂದು ಆ ಮಗುವಿನ ಬೆನ್ನು ತಟ್ಟಿ ಕಳುಹಿಸುವುದು ಅವನಿಗೂ ಈ ಊರಿನ ನೋವಿಗೂ ಮಾಡುವ ಅವಮಾನ.

ಅವನಿಗೆ ಮೂರು ಸಂಗತಿಗಳನ್ನು ಹೇಳಿದೆ. ಹುಡುಗರ ದಿಢೀರ್ ಬೆಳವಣಿಗೆ ಹುಡುಗಿಯರಿಗಿಂತ ಸುಮಾರು ಎರಡು ವರ್ಷ ತಡ, ಆದ್ದರಿಂದ ಏಳನೆಯ ತರಗತಿಯ ಹುಡುಗಿಯರು ಎತ್ತರ ಇರುವುದು ಎಲ್ಲ ಊರಿನಲ್ಲೂ ಇರುವಂಥದ್ದೇ. ಸ್ವರ ಒಡೆಯುವುದು ಮೊದಲ ಗುರುತಲ್ಲ, ವೃಷಣ ದೊಡ್ಡದಾಗುವುದು ಮೊದಲ ಗುರುತು, ಅದು ಹೊರಗಿನವರಿಗೆ ಕಾಣುವಂಥದ್ದಲ್ಲ. ಹನ್ನೆರಡೂವರೆ ವರ್ಷಕ್ಕೆ ಏನೂ ಆರಂಭವಾಗದಿದ್ದರೂ ಸಹಜವೇ, 14 ದಾಟಿದರೆ ತೋರಿಸಬೇಕು. ಆದರೆ ನಿನ್ನ ಮನಸ್ಸಿಗೆ ಅಷ್ಟು ದಿನ ಕಾಯಲು ಆಗದಿದ್ದರೆ ಈಗಲೇ ಆರೋಗ್ಯ ಕೇಂದ್ರಕ್ಕೆ ಹೋಗೋಣ ಎಂದೆ. ತಂದೆ ಕರೆದುಕೊಂಡು ಹೋದರು. ವೈದ್ಯರು ಪರೀಕ್ಷಿಸಿ, ಆರಂಭವಾಗಿದೆ, ಆರು ತಿಂಗಳ ಬಳಿಕ ಬನ್ನಿ ಎಂದರಂತೆ. ನಮ್ಮ ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ಅವನ ಎತ್ತರದ ಪೆನ್ಸಿಲ್ ಗೆರೆಗಳಿವೆ. ಆಗಸ್ಟಿನ ಗೆರೆಗೂ ಫೆಬ್ರವರಿಯ ಗೆರೆಗೂ ನಡುವೆ ನನ್ನ ಎರಡು ಬೆರಳು ಹಿಡಿಯುತ್ತದೆ.

ಚೀಟಿಯ ಪೆಟ್ಟಿಗೆಗೆ ಒಂದು ನಿಯಮ ಮೊದಲೇ ಹೇಳಿದ್ದೆ. ಯಾರು ಬರೆದರೆಂದು ಹುಡುಕುವುದಿಲ್ಲ, ಬೈಯುವುದಿಲ್ಲ. ಆದರೆ ಯಾರಿಗಾದರೂ ದೊಡ್ಡವರಿಂದ ತೊಂದರೆಯಾಗುತ್ತಿದೆ ಎಂದು ತಿಳಿದರೆ ನಾನು ಗುಟ್ಟಾಗಿ ಇಟ್ಟುಕೊಳ್ಳುವುದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಎಲ್ಲವನ್ನೂ ಗುಟ್ಟಾಗಿಡುತ್ತೇನೆ ಎಂದು ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ ಮೊದಲೇ ಹೇಳುವುದು ನ್ಯಾಯ. ಮಕ್ಕಳ ಸಹಾಯವಾಣಿ 1098 ಅನ್ನು ಪೆಟ್ಟಿಗೆಯ ಮೇಲೆಯೇ ಬರೆದು ಅಂಟಿಸಿದೆವು.

ಮನಸ್ಸಿನ ಬದಲಾವಣೆಯ ಪಾಠಕ್ಕೆ ನಾನು ಬರೆದುಕೊಂಡು ಹೋದದ್ದು ಉಪಯೋಗಕ್ಕೆ ಬರಲಿಲ್ಲ. "ಅಮ್ಮ ಊಟಕ್ಕೆ ಕರೆದರೂ ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ, ಯಾಕೆ?" ಎಂದು ಒಬ್ಬಳು ಕೇಳಿದ ಮೇಲೆ ಇಡೀ ಪೀರಿಯಡ್ ಮಕ್ಕಳೇ ಮಾತಾಡಿದರು. ಹಾರ್ಮೋನಿನ ಏರಿಳಿತ, ತಡೆದು ಯೋಚಿಸುವ ಮಿದುಳಿನ ಮುಂಭಾಗ ಇಪ್ಪತ್ತು ದಾಟುವ ತನಕವೂ ಬೆಳೆಯುತ್ತಲೇ ಇರುವುದು, ಇವಿಷ್ಟನ್ನು ನಾನು ಸೇರಿಸಿದೆ. ತನಗೆ ಮಾತ್ರ ಹೀಗಾಗುತ್ತಿದೆ ಎಂದು ತಿಳಿದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟವಾಗುವುದರ ಬಗ್ಗೆಯೂ ಪ್ರಶ್ನೆ ಬಂತು. ಇಷ್ಟವಾಗುವುದು ತಪ್ಪಲ್ಲ, ಬೇಡ ಎಂದವರ ಹಿಂದೆ ಹೋಗುವುದು ತಪ್ಪು ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಆ ದಿನ ಸಮಯ ಇರಲಿಲ್ಲ, ಹೇಳಬೇಕಿತ್ತು.

ಆಗಸ್ಟಿನ ರಕ್ಷಕ-ಶಿಕ್ಷಕ ಸಂಘದ ಸಭೆ ಬಿಸಿಯಾಗಿಯೇ ನಡೆಯಿತು. "ಇದನ್ನೆಲ್ಲ ಹುಡುಗರ ಎದುರು ಹೇಳಬೇಕೇ?" ಎಂದು ಒಬ್ಬ ತಂದೆ. ನಿವೃತ್ತ ಮೇಷ್ಟ್ರೊಬ್ಬರು 2007ರ ಸುಮಾರಿಗೆ ಕರ್ನಾಟಕ, ಮಹಾರಾಷ್ಟ್ರ ಮೊದಲಾದ ರಾಜ್ಯಗಳು ಹದಿಹರೆಯದ ಶಿಕ್ಷಣದ ಕಾರ್ಯಕ್ರಮವನ್ನು ಬೇಡವೆಂದು ನಿಲ್ಲಿಸಿದ್ದನ್ನು ನೆನಪಿಸಿದರು. ನಾನು ವಾದ ಮಾಡಲಿಲ್ಲ. ಪಾಠದ ಚಿತ್ರಗಳನ್ನೂ ಮಕ್ಕಳ ಚೀಟಿಗಳನ್ನೂ, ಕೈಬರಹ ಗುರುತಾಗದ ಹಾಗೆ ನಕಲು ಮಾಡಿ, ಮೇಜಿನ ಮೇಲೆ ಹರಡಿ, "ಓದಿ ನೋಡಿ" ಎಂದೆ. "ರಕ್ತ ಬಂದರೆ ಸಾಯುತ್ತಾರಾ?" "ನನ್ನ ಬೆನ್ನುಮೂಳೆ ಕರಗುತ್ತದಾ?" ಎಂಬಂಥ ಚೀಟಿಗಳನ್ನು ತಾಯಂದಿರು ಒಬ್ಬರಿಂದೊಬ್ಬರು ತೆಗೆದುಕೊಂಡು ಓದಿದರು. ಅದೇ ತಂದೆ ಒಂದು ಚೀಟಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಕೊನೆಗೆ, ಹೇಳುವುದಾದರೆ ನಮಗೆ ಮೊದಲು ತೋರಿಸಿ ಹೇಳಿ ಎಂಬ ಕರಾರಿಗೆ ಬಂದೆವು. ಅದು ನ್ಯಾಯವಾದ ಕರಾರು, ಈಗಲೂ ಪಾಲಿಸುತ್ತಿದ್ದೇವೆ. ಇಬ್ಬರು ಮಕ್ಕಳ ಮನೆಯವರು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಪಾಠದ ಹೊತ್ತಿಗೆ ಆ ಇಬ್ಬರು ಗ್ರಂಥಾಲಯದಲ್ಲಿ ಕೂರುತ್ತಾರೆ, ಮತ್ತು ಉಳಿದವರಿಂದ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುತ್ತಾರೆ.

ಹುಡುಗಿ ಹನ್ನೆರಡನೆಯ ದಿನ ಬಂದಳು, ಮೂರನೆಯ ಬೆಂಚಿಗಲ್ಲ, ಬಾಗಿಲ ಪಕ್ಕದ ಬೆಂಚಿಗೆ. ಯಾರೂ ಏನೂ ಕೇಳಲಿಲ್ಲ. ನಕ್ಕ ಹುಡುಗ ತಪ್ಪೊಪ್ಪಿಗೆ ಹೇಳಬೇಕೆಂದು ನಾನು ಒತ್ತಾಯಿಸಲಿಲ್ಲ. ಎಲ್ಲರ ಎದುರು ಹೇಳಿಸಿದ್ದರೆ ಅವಳಿಗೆ ಅದೇ ಇನ್ನೊಂದು ಶಿಕ್ಷೆಯಾಗುತ್ತಿತ್ತು. ಅವನು ಹನ್ನೊಂದು ದಿನದ ವಿಜ್ಞಾನದ ನೋಟ್ಸನ್ನು ಬರೆದು ಅವಳ ಬೆಂಚಿನ ಮೇಲಿಟ್ಟಿದ್ದ, ಅಕ್ಷರ ಅಷ್ಟಕ್ಕಷ್ಟೇ.

ಸೌಕರ್ಯದ ಕೆಲಸ ಮಾತಿಗಿಂತ ನಿಧಾನ. ಶೌಚಾಲಯದ ಬಾಗಿಲಿಗೆ ಒಳಚಿಲಕ ಹಾಕಿಸಲು ಎರಡು ತಿಂಗಳು ಹಿಡಿಯಿತು. ಒಂದು ಕಪಾಟಿನಲ್ಲಿ ಪ್ಯಾಡ್, ಒಗೆದ ಲಂಗ, ಸೋಪು, ಕಾಗದದ ಚೀಲ ಇಟ್ಟು ಕೀಲಿ ಹಾಕದೆ ಬಿಟ್ಟಿದ್ದೇವೆ, ಕೇಳಿ ತೆಗೆದುಕೊಳ್ಳಬೇಕಾದ ವಸ್ತುವನ್ನು ನಾಚಿದ ಮಗು ಕೇಳುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು ಎಂದು ಹೇಳಿದರೆ ಸಾಲದು, ಬದಲಿಸಲು ಜಾಗ ಇರಬೇಕು. ಬಟ್ಟೆ ಬಳಸುವವರೇ ಹೆಚ್ಚು. ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಿ ಎನ್ನುತ್ತದೆ ಪುಸ್ತಕ, ಆದರೆ ನಮ್ಮಲ್ಲಿ ಜೂನಿನಿಂದ ಆಗಸ್ಟಿನವರೆಗೆ ಬಿಸಿಲು ಎಲ್ಲಿದೆ? ಸೌದೆಯ ಹಿಂದೆ, ಬೇರೆ ಬಟ್ಟೆಯ ಅಡಿಯಲ್ಲಿ ಬಚ್ಚಿಟ್ಟು ಅರೆಹಸಿಯಾಗಿಯೇ ಉಟ್ಟುಕೊಳ್ಳುತ್ತಿದ್ದರು, ತುರಿಕೆಯ ಪ್ರಶ್ನೆಗಳು ಅದರಿಂದಲೇ. ಬಚ್ಚಲಿನ ಒಲೆಯ ಹತ್ತಿರ ಗಾಳಿಯಾಡುವ ಹಾಗೆ ಒಣಗಿಸಿ ಇಸ್ತ್ರಿ ಹಾಕಿ ಎಂದು ತಾಯಂದಿರಿಗೆ ಹೇಳಿದೆವು. ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಕಿಟಕಿಯಾಚೆ ಎಸೆಯುತ್ತಿದ್ದುದಕ್ಕೂ ಕಾರಣ ಸಿಕ್ಕಿತು, ಮಲ ಕಪ್ಪಾಗುತ್ತದೆಂದು ಹೆದರಿದ್ದರು. ಹಾಗಾಗುವುದು ಮಾತ್ರೆಯ ಗುಣ, ತೊಂದರೆಯಲ್ಲ ಎಂದ ಮೇಲೆ ಈಗ ಊಟವಾದ ಕೂಡಲೇ ನುಂಗುತ್ತಾರೆ.

ಫೆಬ್ರವರಿಯಲ್ಲಿ ಕೆಡ್ಡಸ ಬಂತು. ತುಳುವರ ಮನೆಗಳಲ್ಲಿ ಭೂಮಿತಾಯಿ ಮೂರು ದಿನ ಮುಟ್ಟಾಗುತ್ತಾಳೆಂದು ನಂಬಿ ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಯ ದಿನ ತುಳಸಿಕಟ್ಟೆಯ ಬಳಿ ಎಣ್ಣೆ, ಸೀಗೆ, ಅರಸಿನ ಇಟ್ಟು ಆಕೆಗೆ ಸ್ನಾನ ಮಾಡಿಸುತ್ತಾರೆ, ಹುರಿದಕ್ಕಿಯ ಹುಡಿಗೆ ಬೆಲ್ಲ ತೆಂಗಿನಕಾಯಿ ಬೆರೆಸಿ ಹಂಚುತ್ತಾರೆ. ತಿಂಗಳ ರಕ್ತವನ್ನು ವಿಶ್ರಾಂತಿಯೆಂದು ಗೌರವಿಸಿದ ಹಬ್ಬ ನಮ್ಮ ಅಂಗಳದಲ್ಲೇ ಇದೆ ಎಂದು ಸಂತೋಷದಿಂದ ಪಾಠಕ್ಕೆ ತಂದೆ. ಬಾಗಿಲ ಪಕ್ಕದ ಬೆಂಚಿನಿಂದ ಆ ಹುಡುಗಿಯ ಧ್ವನಿ: "ಭೂಮಿಗೆ ಎಣ್ಣೆ ಇಡುತ್ತಾರೆ. ನನಗೆ ಮಾತ್ರ ಜಗಲಿ ಯಾಕೆ ಟೀಚರ್?" ಜುಲೈಯ ನಂತರ ತರಗತಿಯಲ್ಲಿ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಇದನ್ನು ಅಜ್ಜಿಯಲ್ಲೇ ಕೇಳು ಎಂದೆ. ಕೇಳಿದಳಂತೆ. ಚಾಪೆ ಜಗಲಿಯಿಂದ ಚಾವಡಿಗೆ ಬಂದಿದೆ, ಒಳಕೋಣೆಗೆ ಇನ್ನೂ ಬಂದಿಲ್ಲ.

ಆ ತಿಂಗಳ ಕೊನೆಯ ಶುಕ್ರವಾರ ಅಜ್ಜಿಯೇ ಶಾಲೆಗೆ ಬಂದರು. ಮಕ್ಕಳೆಲ್ಲ ಹೋದ ಮೇಲೆ, ಮೊಮ್ಮಗಳನ್ನು ಗೇಟಿನ ಬಳಿ ನಿಲ್ಲಿಸಿ, ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. "ಮಗು ಮನೆಯಲ್ಲಿ ಎಲ್ಲ ಹೇಳುತ್ತಾಳೆ" ಎಂದರು. ಆಮೇಲೆ ಮಕ್ಕಳು ಆರಿಸಿದ ಪದವನ್ನೇ ತುಳುವಿಗೆ ತಿರುಗಿಸಿ, ತಗ್ಗಿದ ಸ್ವರದಲ್ಲಿ ಕೇಳಿದರು: "ಟೀಚರೇ, ತಿಂಗಳ ರಕ್ತ ನಿಂತು ಹದಿಮೂರು ವರ್ಷವಾದ ಮೇಲೆ ಮತ್ತೆ ಕಾಣಿಸಿದರೆ ಅದು ಏನು?"

ಯಾವಾಗಿನಿಂದ ಎಂದು ಕೇಳಿದೆ. ದೀಪಾವಳಿಯ ನಂತರ, ಆಗಾಗ. ಸೊಸೆಗೂ ಹೇಳಿರಲಿಲ್ಲ. ನಿಂತು ಒಂದು ವರ್ಷವಾದ ಬಳಿಕ ಒಂದು ಹನಿ ಕಾಣಿಸಿದರೂ ಪರೀಕ್ಷೆ ಮಾಡಿಸಲೇಬೇಕು, ಅನೇಕರಿಗೆ ಅದು ಸಣ್ಣ ಕಾರಣವೇ ಆಗಿರುತ್ತದೆ, ಆದರೆ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳದೆ ಬಿಡಬಾರದು ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ತಲೆಯಾಡಿಸಿದರು. ಸೋಮವಾರ ನಾನು ರಜೆ ಹಾಕಿ, ಬೆಳಗಿನ ಮೊದಲ ಬಸ್ಸಿಗೆ ಅವರನ್ನೂ ಸೊಸೆಯನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದೆ. ಒಳಗೆ ವೈದ್ಯೆ ಏನಾಗಿದೆ ಎಂದು ಕೇಳಿದಾಗ ನಾನು ಉತ್ತರಿಸಲು ಬಾಯಿ ತೆರೆದೆ. ಅಜ್ಜಿ ನನ್ನ ಕೈ ಹಿಡಿದು ತಡೆದು ತಾವೇ ಹೇಳಿದರು. ಪರೀಕ್ಷೆಗಳು ನಡೆಯುತ್ತಿವೆ, ಮುಂದಿನ ಬುಧವಾರ ಮತ್ತೆ ಹೋಗಬೇಕು.